ಮದುವೆಗೆ ಮುನ್ನ ಮೂಗಿನ ಸರ್ಜರಿ ಬೇಕೆ?

ಡೊಂಬಿವಲಿಯ ಸೋದರಿ,

ಮದುವೆಗೆ ಎರಡೇ ತಿಂಗಳಿರುವಾಗ ಈ ಸರ್ಜರಿ ಖಂಡಿತ ಬೇಡ. ಸರ್ಜರಿಯ ನಂತರ ಮೂಗಿಗೆ ಆಸರೆಯಾಗಿ ಹಾಕುವ ಸ್ಪ್ಲಿಂಟನ್ನು ಸುಮಾರು ಒಂದು ವಾರಕ್ಕೆ ತೆಗೆಯುತ್ತಾರೆ. ಕಣ್ಣಿನ ಕೆಳಗೆ ಕಪ್ಪುಗಟ್ಟಿದ್ದು ಎರಡು ವಾರಗಳಲ್ಲಿ ಮಾಸುತ್ತದೆ. ಆದರೆ ಮೂಗಿನ ತುದಿಯ ಊತ ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ವರ್ಷವೇ ಹಿಡಿಯುತ್ತದೆ. ಮೂಳೆ ಗಟ್ಟಿಯಾಗುವ ಮೊದಲ ಆರು ವಾರ ಕನ್ನಡಕದ ಭಾರವೂ ಬೀಳಬಾರದು. ನನ್ನ ಆತಂಕವೆಲ್ಲ ನಿಮ್ಮ ಬೆಳಗಿನ ಫಾಸ್ಟ್ ಲೋಕಲ್‌ನದು: ರೈಲಿನ ಬಾಗಿಲ ಬಳಿಯ ನೂಕುನುಗ್ಗಲಲ್ಲಿ ಯಾರದೋ ಮೊಣಕೈ ತಗುಲಿದರೂ ಮೂಳೆ ಜರುಗೀತು. ಭಾವಿ ಅತ್ತೆ ಹೇಳಿದರೆಂಬುದು ಸರ್ಜರಿಗೆ ಕಾರಣವೇ ಅಲ್ಲ. ನಿಮಗೇ ಬೇಕೆನಿಸಿದರೆ, ಥಾಣೆಯಲ್ಲಾಗಲಿ ನವಿ ಮುಂಬಯಿಯಲ್ಲಾಗಲಿ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಪಡೆದವರನ್ನು ಕಾಣಿ. ಉಸಿರಾಟಕ್ಕೆ ತೊಡಕಿದೆಯೇ ಎಂಬುದನ್ನೂ ಪರೀಕ್ಷಿಸಿಕೊಳ್ಳಿ. ಮದುವೆ ಮುಗಿಯಲಿ, ಆಮೇಲೆ ನಿರ್ಧರಿಸಿ.