ದನ ಕಾಯಲು ಲಾಯಕ್ಕು ಎನ್ನುವ ಮುನ್ನ



ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: "ನೀನು ದನ ಕಾಯೋಕೇ ಲಾಯಕ್ಕು." ಸಿಟ್ಟಿನಲ್ಲಿ ಆಡಿದ ತಂದೆ ಸಂಜೆಯೊಳಗೆ ಅದನ್ನು ಮರೆಯುತ್ತಾರೆ. ಮಗ ಮರೆಯುವುದಿಲ್ಲ. ತಾನು ದಡ್ಡನೆಂದು ಒಮ್ಮೆ ನಂಬಿದ ಹುಡುಗ ಮುಂದೆ ಯಾವುದಕ್ಕೂ ಕೈ ಹಾಕಲು ಹಿಂಜರಿಯುತ್ತಾನೆ.

ಅಷ್ಟಕ್ಕೂ ದನ ಕಾಯುವುದು ಬುದ್ಧಿಯಿಲ್ಲದವರ ಕೆಲಸವೆಂದು ನಮಗೆ ಹೇಳಿದವರು ಯಾರು? ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ದನ ಮೇಯಿಸುವವರನ್ನು ನೋಡಿ. ಮಂದೆಯಲ್ಲಿ ಯಾವ ಕರು ಹಿಂದುಳಿಯಿತು, ಹೆಜ್ಜೆ ಗುರುತು ಇಂದಿನದೋ ನಿನ್ನೆಯದೋ, ಹಕ್ಕಿಗಳು ಏಕೆ ಕೂಗಿಕೊಳ್ಳುತ್ತಿವೆ, ಇವನ್ನೆಲ್ಲ ಒಟ್ಟಿಗೇ ಗಮನಿಸಬೇಕು. ನಮ್ಮಂತಹ ಓದಿದವರನ್ನು ಅಲ್ಲಿ ಒಂದು ದಿನ ಬಿಟ್ಟರೆ ಸಂಜೆಗೆ ದನಗಳೇ ನಮ್ಮನ್ನು ಮನೆಗೆ ಕರೆತರಬೇಕಾದೀತು!

ಬುದ್ಧಿಯನ್ನು ಅಳೆಯುವ ಪರೀಕ್ಷೆಯನ್ನು 1905ರಲ್ಲಿ ಪ್ಯಾರಿಸ್ಸಿನಲ್ಲಿ ರೂಪಿಸಿದವರು ಆಲ್ಫ್ರೆಡ್ ಬಿನೆ ಮತ್ತು ಸಿಮೋನ್. ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕೆಂದು ಗುರುತಿಸುವುದು ಅವರ ಉದ್ದೇಶವಾಗಿತ್ತು. ಹಿಂದುಳಿದವರನ್ನು ಕೈಹಿಡಿಯಲೆಂದು ಹುಟ್ಟಿದ ಪರೀಕ್ಷೆ ಮುಂದೆ ಮನುಷ್ಯರ ಹಣೆಗೆ ಅಂಕಿ ಬರೆಯುವ ಸಾಧನವಾಯಿತು. 1983ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೊವಾರ್ಡ್ ಗಾರ್ಡ್ನರ್ ಇದನ್ನು ಪ್ರಶ್ನಿಸಿದರು. ಬುದ್ಧಿ ಒಂದಲ್ಲ, ಏಳು ಬಗೆ ಎಂದರು. ಭಾಷೆ ಮತ್ತು ಲೆಕ್ಕ ಎರಡು ಮಾತ್ರ. ಸಂಗೀತ, ದೇಹದ ಚಾತುರ್ಯ, ಆಕಾರ ದಿಕ್ಕುಗಳ ಗ್ರಹಿಕೆ, ಇತರರ ಮನಸ್ಸನ್ನು ಅರಿಯುವುದು, ತನ್ನನ್ನು ತಾನೇ ಅರಿಯುವುದು ಉಳಿದವು. ಮುಂದೆ ತೊಂಬತ್ತರ ದಶಕದಲ್ಲಿ ಎಂಟನೆಯದೊಂದನ್ನು ಸೇರಿಸಿದರು: ಗಿಡಮರ, ಪ್ರಾಣಿಪಕ್ಷಿಗಳನ್ನು ಗುರುತಿಸಿ ಅರಿಯುವ ಬುದ್ಧಿ.

ಈ ಎಂಟನೆಯ ಬುದ್ಧಿಯನ್ನು ಕಾಣಲು ನಾವು ಅಮೆರಿಕಕ್ಕೆ ಹೋಗಬೇಕಿಲ್ಲ. ಚಾಮರಾಜನಗರದ ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನಿನಲ್ಲೇ ಹೆಜ್ಜೇನು, ತುಡುವೆ, ಕೋಲುಜೇನು, ನಸರುಜೇನು ಎಂದು ಬೇರೆ ಬೇರೆಯಾಗಿ ಬಲ್ಲವರು. ಕಾಡಿನ ತರಗಿಗೆ ಮೊದಲಿನಂತೆ ಸಣ್ಣ ಬೆಂಕಿ ಹಾಕುವುದು ನಿಂತ ಮೇಲೆ ಲಂಟಾನ ಪೊದೆ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹೆಚ್ಚಿತು ಎಂದು ಅವರು ಹೇಳುತ್ತಾ ಬಂದಿದ್ದರು. ಆಮೇಲೆ ವಿಜ್ಞಾನಿಗಳು ಅದೇ ಮಾತನ್ನು ಕೈಗೆತ್ತಿಕೊಂಡು ಅಧ್ಯಯನ ಮಾಡಿದರು.

ಆದರೆ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಕಾಡಿನ ಬುದ್ಧಿಯೊಂದೇ ಸೋಲಿಗರನ್ನು ಉಳಿಸಲಿಲ್ಲ. ವನ್ಯಜೀವಿ ಕಾನೂನು ಬಂದ ಮೇಲೆ ತಮ್ಮ ಕಾಡಿನಲ್ಲೇ ಅವರ ಹಕ್ಕಿಗೆ ಕುತ್ತು ಬಂತು. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಅವರ ಮಕ್ಕಳು ಅಕ್ಷರ ಕಲಿತರು. ಹಿರಿಯರ ನೆನಪಿನಲ್ಲಿದ್ದ ನೂರಾರು ದೇವರ ತಾಣಗಳನ್ನು ಸಂಶೋಧಕರ ಜೊತೆ ಸೇರಿ ನಕ್ಷೆಯ ಮೇಲೆ ಗುರುತಿಸಲಾಯಿತು. ಅವರು ಅರ್ಜಿ ಹಾಕಿದರು. 2011ರಲ್ಲಿ ಕಾಡಿನ ಮೇಲೆ ಸಮುದಾಯದ ಹಕ್ಕು ದೊರೆಯಿತು. ಅಜ್ಜನ ಅರಿವಿಗೆ ಮೊಮ್ಮಗನ ಅಕ್ಷರ ಜೊತೆಯಾಗಿತ್ತು. ಆದುದರಿಂದ "ಇವನಿಗೆ ಬೇರೆ ಬುದ್ಧಿಯಿದೆ" ಎಂದು ಶಾಲೆ ಬಿಡಿಸಬೇಡಿ. ಗಾರ್ಡ್ನರ್ ವಾದವನ್ನು ಒಪ್ಪದ ಮನಃಶಾಸ್ತ್ರಜ್ಞರೂ ಬಹಳ ಮಂದಿ ಇದ್ದಾರೆ. ಮಗುವಿನ ಮೇಲಿನ ಹಳೆಯ ಚೀಟಿ ಕಿತ್ತು ಹೊಸ ಚೀಟಿ ಅಂಟಿಸಿದರೆ ಏನು ಬಂತು?

ಹಾಗಾದರೆ ಪೋಷಕರು ಮಾಡಬೇಕಾದುದೇನು? ಒಂದು ವಾರ ಸುಮ್ಮನೆ ಗಮನಿಸಿ. ಯಾರೂ ಹೇಳದಿದ್ದಾಗ ಮಗು ಏನು ಮಾಡುತ್ತದೆ? ಕೆಟ್ಟ ಸೈಕಲ್ಲನ್ನು ಬಿಚ್ಚಿ ಕೂರುತ್ತದೆಯೇ? ಜಗಳವಾಡಿದ ಗೆಳತಿಯರನ್ನು ರಾಜಿ ಮಾಡಿಸುತ್ತದೆಯೇ? ಪೂಜೆಯಲ್ಲಿ ಒಮ್ಮೆ ಕೇಳಿದ ಗೀತೆಯನ್ನು ಮನೆಗೆ ಬರುವಷ್ಟರಲ್ಲಿ ಗುನುಗುತ್ತದೆಯೇ? ಯಾವ ಕೆಲಸದಲ್ಲಿ ಊಟದ ಹೊತ್ತು ಮರೆಯುತ್ತದೆ? ಬರೆದಿಟ್ಟುಕೊಳ್ಳಿ, ಮಗುವಿನ ಎದುರು ವಿಮರ್ಶೆ ಬೇಡ.

ಮತ್ತಾಯನ ಶುಭಸಂದೇಶದ ತಲಾಂತುಗಳ ಸಾಮತಿ ನಮಗೆಲ್ಲ ಪರಿಚಿತ. ಇಂಗ್ಲಿಷಿನಲ್ಲಿ ಪ್ರತಿಭೆಗೆ ಇರುವ 'ಟ್ಯಾಲೆಂಟ್' ಎಂಬ ಪದ ಬಂದದ್ದೇ ಅಲ್ಲಿಂದ. ಆ ಮೂರನೆಯ ಸೇವಕ ಹಣವನ್ನು ಕುಡಿದು ಹಾಳು ಮಾಡಲಿಲ್ಲ, ಹೆದರಿ ಹೂತಿಟ್ಟ. ನಮ್ಮ ಮಕ್ಕಳಲ್ಲಿ ಆ ಹೆದರಿಕೆ ಹುಟ್ಟಿಸುವವರು ನಾವೇ ಅಲ್ಲವೇ?

ಇನ್ನು, ಮಕ್ಕಳ ವಿಷಯ ಓದುತ್ತಾ ತಮ್ಮ ಕಾಲ ಮುಗಿಯಿತೆಂದುಕೊಂಡ ತಂದೆತಾಯಂದಿರಿಗೂ ಒಂದು ಮಾತು. ನಮ್ಮ ಸೀಮೆಯವರೇ ಆದ ಡಾ. ರಾಜ್‌ಕುಮಾರ್ 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ನಾಟಕದ ಕಂಪನಿ ಸೇರಿದರು. ಅವರಂತೆ ಆಗುವವರು ಕೋಟಿಗೊಬ್ಬರು, ನಿಜ. ಆದರೆ ನೋಡಿ: ಮೊದಲು ಹಲವು ವರ್ಷ ಅವರ ಅನೇಕ ಚಿತ್ರಗಳಲ್ಲಿ ಹಾಡಿದ್ದು ಪಿ.ಬಿ. ಶ್ರೀನಿವಾಸ್. ಅಲ್ಲೊಂದು ಇಲ್ಲೊಂದು ಹಾಡಿದ್ದು ಬಿಟ್ಟರೆ, ರಾಜ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದು 1974ರ 'ಸಂಪತ್ತಿಗೆ ಸವಾಲ್' ಚಿತ್ರದಿಂದ. ಆಗ ಅವರಿಗೆ ನಲವತ್ತೈದು ವರ್ಷ. 'ಜೀವನ ಚೈತ್ರ'ದ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಬಂದಾಗ ಅವರು ಅರವತ್ತು ದಾಟಿದ್ದರು.