ಕುರ್‌ಆನ್ ಓದಲು ಕೂತ ಮೊಮ್ಮಗಳಿಗೆ

ರಾಮನಗರ, ಜೋಯಿಡಾ ತಾಲೂಕು



ಧಾರವಾಡದಲ್ಲಿ ಕನ್ನಡ ಕುರ್‌ಆನ್ ಕೊಂಡೆ, ಇಪ್ಪತ್ತು ಪುಟಕ್ಕೇ ದಾರಿ ತಪ್ಪಿತು ಎಂದು ಬರೆದಿದ್ದೀಯ. ನನಗೂ ಹಾಗೇ ಆಗಿತ್ತು. ರಾಮಾಯಣ, ಮಹಾಭಾರತ ಕೇಳಿ ಬೆಳೆದ ನಾವು ಯಾವ ಗ್ರಂಥ ತೆರೆದರೂ ಕತೆಯ ಎಳೆ ಹುಡುಕುತ್ತೇವೆ. ಇದು ಹಾಗಲ್ಲ. ಕುರ್‌ಆನ್ ಎಂಬ ಹೆಸರಿಗೇ ಬಾಯಿಬಿಟ್ಟು ಓದುವುದು, ಪಠಣ ಎಂದು ಅರ್ಥ. ಸುಮಾರು 23 ವರ್ಷ, ಮೊದಲು ಮಕ್ಕಾದಲ್ಲಿ, ಆಮೇಲೆ ಮದೀನಾದಲ್ಲಿ, ಎದುರಿಗಿದ್ದ ಜನರಿಗೆ ಆಗಾಗ ಹೇಳಿದ ಮಾತು ಇದು. ಜೋಡಿಸಿದ್ದು ಕಾಲದ ಕ್ರಮದಲ್ಲಿ ಅಲ್ಲ. 114 ಸೂರಾಗಳಲ್ಲಿ, ಅಂದರೆ ಅಧ್ಯಾಯಗಳಲ್ಲಿ, ಉದ್ದದವು ಹೆಚ್ಚಾಗಿ ಮುಂದೆ, ಗಿಡ್ಡವು ಹಿಂದೆ. ಮೊಟ್ಟಮೊದಲು ಇಳಿದ ಮಾತುಗಳೆಂದು ಮುಸ್ಲಿಮರು ನಂಬುವ ಸಾಲುಗಳೇ 96ನೆಯ ಸೂರಾದಲ್ಲಿವೆ. ನೀನು ಸಿಕ್ಕಿಕೊಂಡದ್ದು ಎರಡನೆಯದರಲ್ಲಿ; ಅದೊಂದರಲ್ಲೇ 286 ಆಯತ್‌ಗಳು, ಅಂದರೆ ವಚನಗಳು, ಇವೆ.

ಹೀಗೆ ಮಾಡು. ಮೊದಲ ಸೂರಾದ ಏಳು ಆಯತ್ ಓದು, ಅದು ಪ್ರಾರ್ಥನೆ. ಆಮೇಲೆ ನೇರವಾಗಿ ಪುಸ್ತಕದ ಕೊನೆಗೆ ಹೋಗಿ ಹಿಂದಕ್ಕೆ ಬಾ. ಮೂರೇ ಆಯತ್‌ಗಳ ಸೂರಾಗಳೂ ಅಲ್ಲಿವೆ. ಗಟ್ಟಿಯಾಗಿ ಓದು. ಕತೆ ಬೇಕೆನಿಸಿದಾಗ 12ನೆಯದಕ್ಕೆ ಹೋಗು. ಅಣ್ಣಂದಿರು ಬಾವಿಗೆ ತಳ್ಳಿದ ಯೂಸುಫನ ಕತೆ ಅಲ್ಲಿ ಒಂದೇ ಓಟದಲ್ಲಿ ಬರುತ್ತದೆ. 19ನೆಯದು ಮರ್ಯಮಳ ಹೆಸರಿನದು. ಇಡೀ ಕುರ್‌ಆನಿನಲ್ಲಿ ಹೆಸರು ಹಿಡಿದು ಕರೆದ ಹೆಂಗಸು ಅವಳೊಬ್ಬಳೇ. ಖರ್ಜೂರದ ಮರದ ಬುಡದಲ್ಲಿ ಒಬ್ಬಳೇ ಹೆರಿಗೆ ನೋವು ತಿನ್ನುವ ಆ ಭಾಗವನ್ನು ನಿನ್ನ ಕ್ರೈಸ್ತ ಗೆಳತಿಯ ಜೊತೆ ಕೂತು ಓದು.

ಅನುವಾದದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಅರಬ್ಬಿಯಲ್ಲಿದ್ದರೆ ಮಾತ್ರ ಅದು ಕುರ್‌ಆನ್, ಬೇರೆ ಭಾಷೆಯಲ್ಲಿರುವುದು ಅದರ ಅರ್ಥ ಎನ್ನುವುದು ಮುಸ್ಲಿಮರ ನಿಲುವು. ಕನ್ನಡದಲ್ಲಿ ಮಂಗಳೂರಿನ ಶಾಂತಿ ಪ್ರಕಾಶನದ್ದಿದೆ, ಅಬ್ದುಸ್ಸಲಾಮ್ ಪುತ್ತಿಗೆಯವರದ್ದಿದೆ. ಎರಡನ್ನೂ ಪಕ್ಕದಲ್ಲಿ ಇಟ್ಟುಕೋ. ಆವರಣದೊಳಗೆ ಬರುವ ಮಾತು ಸಾಮಾನ್ಯವಾಗಿ ಅನುವಾದಕರು ಸೇರಿಸಿದ್ದು, ಮೂಲದ್ದಲ್ಲ. ಮೊದಲ ಸಲ ಅದನ್ನು ಬಿಟ್ಟು ಓದು. ದೇವರು ಒಂದು ಕಡೆ 'ನಾವು' ಎನ್ನುತ್ತಾನೆ, ಮರುಸಾಲಿನಲ್ಲೇ 'ಅವನು' ಆಗುತ್ತಾನೆ. ಅಚ್ಚಿನ ತಪ್ಪು ಎಂದುಕೊಳ್ಳಬೇಡ, ಅರಬ್ಬಿ ಮಾತಿನ ವರಸೆಯೇ ಹಾಗೆ.

ಕಾಫಿರ್ ಎಂಬ ಒಂದು ಪದವನ್ನೇ ನೋಡು. ನಮ್ಮ ಕಿವಿಗೆ ಅದು ಬೈಗುಳವಾಗಿಯೇ ಬಿದ್ದಿದೆ. ಅದರ ಬೇರಿಗೆ ಮುಚ್ಚುವುದು ಎಂದು ಅರ್ಥ. ಉಪಕಾರ ಮರೆಯುವುದೂ ಅದೇ ಬೇರಿನ ಮಾತು. 57ನೆಯ ಸೂರಾದ 20ನೆಯ ಆಯತ್‌ನಲ್ಲಿ ಅದೇ ಪದದ ಬಹುವಚನ ಬರುತ್ತದೆ. ಅಲ್ಲಿ ಹೆಚ್ಚಿನವರು ಮಾಡಿದ ಅರ್ಥ ರೈತರು, ಬೀಜಕ್ಕೆ ಮಣ್ಣು ಮುಚ್ಚುವವರು. ಭತ್ತ ಬಿತ್ತುವ ನಮ್ಮ ಮನೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು, ರಹ್ಮಾನ್. ಕರುಣಾಮಯ ಎಂದು ಕನ್ನಡಿಸುತ್ತಾರೆ. ತಾಯಿಯ ಗರ್ಭಕ್ಕೆ ಹೇಳುವ ಪದವೂ ಅದೇ ಬೇರಿನಿಂದ ಹುಟ್ಟಿದ್ದು. ಕರುಳು ಎಂದಾಗ ನಮಗೆ ಏನೆಲ್ಲ ನೆನಪಾಗುತ್ತದೋ ಅದರ ಹತ್ತಿರದ ಮಾತು.

ಮೊಬೈಲಿನಲ್ಲಿ ಯಾರೋ ಕಳಿಸಿದ ಒಂಟಿ ಆಯತ್ ಹಿಡಿದು ತೀರ್ಪು ಕೊಡಬೇಡ. 9ನೆಯ ಸೂರಾದ 5ನೆಯದನ್ನು ಕತ್ತರಿಸಿ ಹಂಚುವುದು ನೋಡಿದ್ದೇನೆ. ಅದು ಮುರಿದುಬಿದ್ದ ಒಪ್ಪಂದಗಳ ನಡುವಿನ, ಯುದ್ಧಕಾಲದ ಮಾತು. ಅದರ ಬೆನ್ನಿಗೇ ಬರುವ 6ನೆಯದು ಆ ವಿರೋಧಿಗಳಲ್ಲೇ ಒಬ್ಬ ಆಶ್ರಯ ಕೇಳಿ ಬಂದರೆ ಆಶ್ರಯ ಕೊಟ್ಟು, ಸುರಕ್ಷಿತ ಜಾಗಕ್ಕೆ ತಲುಪಿಸಿ ಬರಲು ಹೇಳುತ್ತದೆ. ಅದನ್ನು ಯಾರೂ ಹಂಚುವುದಿಲ್ಲ. ಇಷ್ಟಾದರೂ ಯುದ್ಧ, ಶಿಕ್ಷೆ, ಹೆಂಗಸರ ಪಾಲು ಇವುಗಳ ವಿಷಯದಲ್ಲಿ ನಿನಗೆ ಒಪ್ಪಿಗೆಯಾಗದ ಮಾತು ಇದ್ದೇ ಇರುತ್ತದೆ. ಒಪ್ಪಿದಂತೆ ನಟಿಸಬೇಡ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ತಿಳಿದ ಮುಸ್ಲಿಮರನ್ನು ನೇರವಾಗಿ ಕೇಳು. ವಿನೋಬಾ ಭಾವೆ ಅರಬ್ಬಿ ಕಲಿತು, ವರ್ಷಗಟ್ಟಲೆ ಕೂತು, ಕುರ್‌ಆನಿನ ಸಾರವನ್ನು 1962ರಲ್ಲಿ ಪುಸ್ತಕ ಮಾಡಿದರು. ಅದಕ್ಕೂ ಎಂಬತ್ತು ವರ್ಷ ಮೊದಲೇ ಬ್ರಹ್ಮಸಮಾಜದ ಗಿರೀಶಚಂದ್ರ ಸೇನರು ಬಂಗಾಳಿಗೆ ಅನುವಾದಿಸಲು ಕೂತಿದ್ದರು. ಇಬ್ಬರೂ ಮುಸ್ಲಿಮರಲ್ಲ. ಅವರಿಗೆ ಅವಸರವಿರಲಿಲ್ಲ, ನಿನಗೂ ಬೇಡ.

ಸೂಪಾ ಅಣೆಕಟ್ಟಿನ ನೀರಿಗೆ ಹಳೆಯ ಊರು ಬಿಟ್ಟು ಇಲ್ಲಿಗೆ ಬಂದ ದಿನ ಲಾರಿಯಲ್ಲಿ ನಮ್ಮ ದೇವರ ಪೆಟ್ಟಿಗೆ ಇತ್ತು. ಪಕ್ಕದ ಮನೆಯ ಬೂಬಮ್ಮ ತಮ್ಮ ಸಾಮಾನನ್ನೆಲ್ಲ ಲಾರಿಗೆ ಹಾಕಿ, ಹಸಿರು ಬಟ್ಟೆ ಸುತ್ತಿದ ಒಂದು ಗಂಟನ್ನು ಮಾತ್ರ ದಾರಿಯುದ್ದಕ್ಕೂ ಎದೆಗವಚಿಕೊಂಡೇ ಕೂತಿದ್ದರು. ಕೆಳಗಿಡಿ ಎಂದರೆ ತಲೆಯಾಡಿಸಿದರು. ಅದರಲ್ಲಿ ಏನಿದೆ ಎಂದು ನಾನು ಕೇಳಿದ್ದು ಎಷ್ಟೋ ವರ್ಷದ ಮೇಲೆ. ಅಷ್ಟು ದಿನ ಕೇಳದೇ ಉಳಿದೆನಲ್ಲ ಎಂಬ ನೋವು ಈಗಲೂ ಇದೆ. ನೀನೂ ನಿನ್ನ ಪ್ರತಿಯನ್ನು ನೆಲದ ಮೇಲೆ ಇಡಬೇಡ, ಕವುಚಿ ಹಾಕಬೇಡ. ನಮ್ಮ ಪೋಥಿಗಳನ್ನು ಹಾಗೆ ಇಡುತ್ತೇವೆಯೇ?

ಬೂಬಮ್ಮ ಈಗಿಲ್ಲ. ಅವರ ಮೊಮ್ಮಗ ಆ ಗಂಟಿನಲ್ಲಿದ್ದ ಕುರ್‌ಆನನ್ನೇ ರೆಹಾಲು ಎಂಬ ಮರದ ಪೀಠದ ಮೇಲಿಟ್ಟು ಓದುತ್ತಾನೆ. ಮೇ ರಜೆಗೆ ಬರುವಾಗ ನಿನ್ನ ಪುಸ್ತಕ ತಾ. ಅವನು ಯೂಸುಫ್ ಸೂರಾವನ್ನು ಅರಬ್ಬಿಯಲ್ಲಿ ಓದಲಿ, ನೀನು ಕನ್ನಡದಲ್ಲಿ ಓದು. ನಾನು ಜಗಲಿಯಲ್ಲಿ ಕೂತು ಎರಡನ್ನೂ ಕೇಳಬೇಕು.

ನಿನ್ನ ಅಜ್ಜ