ಡ್ಯೂರರನ ನಾಲ್ವರು ಕುದುರೆಸವಾರರು

ಈ ಪಾಠಕ್ಕೆ ಮುಂಚೆ ಪ್ರಕಟನೆಯ 6ನೆಯ ಅಧ್ಯಾಯದ ಮೊದಲಿನ 8 ವಚನಗಳನ್ನು ಓದಿಕೊಳ್ಳಿರಿ. ಅಲ್ಲಿ ಒಂದೊಂದು ಮುದ್ರೆಯು ಒಡೆಯಲ್ಪಟ್ಟಂತೆ ಒಬ್ಬೊಬ್ಬ ಸವಾರನು ಹೊರಡುತ್ತಾನೆ. ಕುದುರೆಗಳ ಬಣ್ಣವು ಬಿಳಿ, ಕೆಂಪು, ಕಪ್ಪು, ಬಿಳಿಚಿದ್ದು ಎಂದು ಹೇಳಿದೆ.

ಜರ್ಮನಿ ದೇಶದ ನ್ಯೂರೆಂಬರ್ಗ್ ಪಟ್ಟಣದ ಚಿತ್ರಗಾರನಾದ ಆಲ್ಬ್ರೆಕ್ಟ್ ಡ್ಯೂರರನು 1498ರಲ್ಲಿ ಈ ಗ್ರಂಥವನ್ನು 15 ದೊಡ್ಡ ಚಿತ್ರಗಳೊಂದಿಗೆ ಅಚ್ಚುಹಾಕಿಸಿದನು. ಒಂದು ಪುಟದಲ್ಲಿ ಚಿತ್ರ, ಎದುರಿನ ಪುಟದಲ್ಲಿ ವಚನ. ಆದಕಾರಣ ಇದು ಪೂಜಿಸತಕ್ಕ ಪ್ರತಿಮೆಯಲ್ಲ, ವಚನದೊಂದಿಗೆ ಓದತಕ್ಕ ಪುಟವು.

ಅದರಲ್ಲಿ ಬಣ್ಣವೇ ಇಲ್ಲ. ಮರದ ಹಲಗೆಯ ಮೇಲೆ ಬರೆದ ಗೆರೆಯನ್ನು ಉಳಿಸಿ, ಅದರ ಎರಡು ಪಕ್ಕದ ಮರವನ್ನು ಕೆತ್ತಿ ತೆಗೆದರೆ, ಉಬ್ಬಿ ನಿಂತ ಗೆರೆಗೆ ಮಾತ್ರ ಮಸಿ ಹತ್ತುವದು. ಮುಂಚಿನ ಪುಸ್ತಕಗಳಲ್ಲಿ ಹೆಚ್ಚಾಗಿ ಅಂಚಿನ ಗೆರೆಗಳನ್ನಷ್ಟೇ ಅಚ್ಚುಹಾಕಿ, ಕೈಯಿಂದ ಬಣ್ಣ ತುಂಬುತ್ತಿದ್ದರು. ಡ್ಯೂರರನು ಆ ಕೆಲಸವನ್ನು ಗೆರೆಗೇ ಒಪ್ಪಿಸಿದನು. ಸವಾರರ ಹಿಂದೆ ಅಡ್ಡಗೆರೆಗಳನ್ನು ಒತ್ತೊತ್ತಾಗಿ ಎಳೆದದ್ದರಿಂದ ಆಕಾಶವು ಕಪ್ಪಾಯಿತು, ಗಾಳಿಯು ಬೀಸಿದಂತಾಯಿತು. ಕುದುರೆಯ ಮೈಯ ಮೇಲೆ ಗೆರೆಯು ಬಾಗಿ ಹೋಗುವಲ್ಲಿ ಮಾಂಸದ ಉಬ್ಬು ಕಾಣುವದು.

ವಚನದಲ್ಲಿ ಒಬ್ಬರ ಹಿಂದೊಬ್ಬರು ಬಂದವರನ್ನು ಇವನು ಒಟ್ಟುಗೂಡಿಸಿದನು. ಬಿಲ್ಲು, ಕತ್ತಿ, ತಕ್ಕಡಿ ಹಿಡಿದ ಮೂವರೂ ಭುಜಕ್ಕೆ ಭುಜ ತಗಲುವಂತೆ ಒಂದೇ ಓರೆಯ ಸಾಲಾಗಿ ಎಡದಿಂದ ಬಲಕ್ಕೆ ನುಗ್ಗುತ್ತಾರೆ. ತಕ್ಕಡಿಯವನು ನಟ್ಟನಡುವೆ, ಎಲ್ಲರಿಗಿಂತ ದೊಡ್ಡವನು. ಬರಿದಾದ ತಕ್ಕಡಿಯು ಅವನ ಬೆನ್ನ ಹಿಂದೆ ಹಾರುತ್ತದೆ. ಬರಗಾಲವನ್ನು ಕಂಡವರಿಗೆ ಇದರ ಅರ್ಥವನ್ನು ಹೇಳಬೇಕೇ? ನಡುವೆ ಸಂದಿಲ್ಲದ ಕಾರಣ ಕೆಳಗೆ ಬಿದ್ದ ಜನರಿಗೆ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ.

ಆದರೂ ನನ್ನ ಎಣಿಕೆಯಲ್ಲಿ ಅತಿ ಭಯಂಕರನು ನಾಲ್ಕನೆಯವನೇ. ಮರಣವೆಂಬವನು ಎಲುಬು ಕಾಣುವ ಬಡಕುದುರೆಯ ಮೇಲೆ ತ್ರಿಶೂಲದಂಥ ಆಯುಧವನ್ನು ಹಿಡಿದು, ಎಲ್ಲರಿಗಿಂತ ಕೆಳಗೆ, ನಮಗೆ ಹತ್ತಿರವಾಗಿ ಬರುತ್ತಾನೆ. ಮಿಕ್ಕ ಕುದುರೆಗಳ ಕೊಬ್ಬು ಇದಕ್ಕಿಲ್ಲ. ಬಲವು ದಪ್ಪದಲ್ಲಿಲ್ಲವೆಂದು ಡ್ಯೂರರನು ಬಲ್ಲನು. ಅದರ ಕಾಲ ಬಳಿ ಪಾತಾಳವು ಬಾಯ್ದೆರೆದು ಮುಕುಟವುಳ್ಳ ಒಬ್ಬ ದೊಡ್ಡವನನ್ನು ನುಂಗುತ್ತದೆ.

ಸರ್ವಾಧಿಕಾರವನ್ನು ಸವಾರರಿಗೆ ಕೊಟ್ಟಿದ್ದಾನೆಂದು ಕೆಲವರಿಗೆ ತೋರಬಹುದು. ಹಾಗಲ್ಲ. ಅವರಿಗೆ ಅಧಿಕಾರವು ಕೊಡಲ್ಪಟ್ಟಿತೆಂದು ಅಧ್ಯಾಯವು ಹೇಳುವದಷ್ಟೆ. ಚಿತ್ರದಲ್ಲಿಯೂ ಅವರೆಲ್ಲರ ಮೇಲೆ ಒಬ್ಬ ದೇವದೂತನು ರೆಕ್ಕೆ ಹರಡಿಕೊಂಡಿದ್ದಾನೆ. ಆಯುಧವೊಂದೂ ಅವನ ಕೈಯಲ್ಲಿಲ್ಲ.

ಈ ಚಿತ್ರದ ಪ್ರತಿಯು ದೊರೆತರೆ, ಮಕ್ಕಳ ಬೆರಳನ್ನು ಮರಣದ ಕುದುರೆಯಿಂದ ಬಿಲ್ಲಿನವನ ವರೆಗೆ ಓರೆಯಾಗಿ ಏರಿಸಿರಿ. ಅಲ್ಲಿಂದ ದೂತನ ಕಡೆಗೆ ತಿರುಗಿಸಿರಿ.